ಒಂದು ನಿಮಿಷದ ನಿಲುಗಡೆ

ತಿಪಟೂರಿನ ಹತ್ತಿರದ ನಮ್ಮ ಸಣ್ಣ ಸ್ಟೇಷನ್ನಿನಲ್ಲಿ ಬೆಳಗಿನ ಎಕ್ಸ್‌ಪ್ರೆಸ್ ನಿಲ್ಲುತ್ತಿರಲಿಲ್ಲ. ಅದನ್ನು ನಿಲ್ಲಿಸಬೇಕೆಂದು ನಾವು ಒಂದಷ್ಟು ಜನ ಪ್ರಯಾಣಿಕರ ಸಂಘ ಕಟ್ಟಿಕೊಂಡಿದ್ದೆವು. ಅದರಲ್ಲಿ ಇದ್ದ ಒಬ್ಬರೇ ಹೆಂಗಸೆಂದರೆ ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುತ್ತಿದ್ದ ಅಕ್ಕ.

ಅವರ ಗಂಡನನ್ನು ಡಯಾಲಿಸಿಸ್‌ಗೆ ವಾರವಾರವೂ ತುಮಕೂರಿಗೆ ಕರೆದೊಯ್ಯಬೇಕಿತ್ತು. ಬಸ್ಸಿನ ಕುಲುಕಾಟಕ್ಕೆ ಆತ ಹಿಂಡಿ ಹಾಕಿದ ಬಟ್ಟೆಯಂತಾಗುತ್ತಿದ್ದರು. ಸಭೆಯಲ್ಲಿ ನಾವು ಅರ್ಜಿ, ನಿಯಮ, ವೇಳಾಪಟ್ಟಿ ಎಂದು ವಾದಿಸುತ್ತಿದ್ದರೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏಳುತ್ತಿದ್ದರು. "ಒಂದ್ ನಿಮ್ಸ ನಿಂತ್ರೆ ಸಾಕು ಕಣ್ರೀ, ಹತ್ತುಸ್ಕೊಂಬುಡ್ತೀನಿ." ದೊಡ್ಡ ಅಧಿಕಾರಿಯ ಮುಂದೆಯೂ ಅದೇ ಮಾತು. ಆತ ತಲೆಯಾಡಿಸಿ, "ನೋಡೋಣಮ್ಮ" ಎಂದು ಕಾರು ಹತ್ತಿದ್ದರು.

ಕೊನೆಗೂ ನಿಲುಗಡೆ ಮಂಜೂರಾಯಿತು. ಅಷ್ಟರಲ್ಲಿ ಅಕ್ಕನ ಗಂಡ ತೀರಿಕೊಂಡಿದ್ದರು.

ಮೊದಲ ದಿನ ಗಾಡಿ ನಿಂತಾಗ ನಾವು ಡ್ರೈವರಿಗೆ ಹಾರ ಹಾಕಿ ಫೋಟೊ ತೆಗೆಸಿಕೊಂಡೆವು. ಅಕ್ಕ ಬರಲಾರರು ಎಂದುಕೊಂಡಿದ್ದೆ. ಬಂದು ಒಂದು ಬದಿಗೆ ನಿಂತಿದ್ದರು.

"ತುಮಕೂರ್ ಗಂಟ ಹೋಗ್ಬನ್ನಿ ಅಕ್ಕ, ಇದು ನಿಮ್ದೇ ಗಾಡಿ" ಎಂದೆ.

"ಯಾರುನ್ನ ಕರ್ಕೊಂಡ್ ಹೋಗ್ಲಪ್ಪ?" ಎಂದರು.

ಅಲ್ಲೇ ಮುದುಕರೊಬ್ಬರು ಬೋಗಿಯ ಮೆಟ್ಟಿಲು ಹತ್ತಲಾರದೆ ಒದ್ದಾಡುತ್ತಿದ್ದರು. ಅಕ್ಕ ಓಡಿಹೋಗಿ ಅವರ ಕಂಕುಳಿಗೆ ಕೈಕೊಟ್ಟು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಗಾಡಿ ಅಲುಗುವ ಮೊದಲೇ ಇಳಿದರು. ಮುದುಕರು ಕಿಟಕಿಯಿಂದಲೇ ಕೈಮುಗಿದರು. ಗಾಡಿ ತೆಂಗಿನ ತೋಟಗಳ ಆಚೆ ಮರೆಯಾಗುವವರೆಗೂ ಅಕ್ಕ ನಿಂತೇ ಇದ್ದರು. ಆಮೇಲೆ ಕಲ್ಲುಬೆಂಚಿನ ಮೇಲೆ ಕುಸಿದು, ಸಣ್ಣ ಮಕ್ಕಳ ಹಾಗೆ ದನಿ ತೆಗೆದು ಅತ್ತರು.