ಎಮ್ಮೆಸ್ಸಿಗೆ ಆಲ್ಟರೇಷನ್ ಕೇಳಿದ ಇನಾಯತುಲ್ಲಾ

ತಿಪಟೂರಿನ ದರ್ಜಿ ಇನಾಯತುಲ್ಲಾನ ಕೈಚಳಕದ ಬಗ್ಗೆ ಹೇಳಿದರೆ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ನಮ್ಮ ಹೊನ್ನವಳ್ಳಿ ರೇವಣಸಿದ್ದಯ್ಯನ ಮದುವೆ ಕೋಟನ್ನು ಅವನು ಎಷ್ಟು ಸಲ ಬಿಗಿ ಮಾಡಿ, ಎಷ್ಟು ಸಲ ಸಡಿಲ ಮಾಡಿದ್ದನೆಂದರೆ, ಕೊನೆಕೊನೆಗೆ ರೇವಣಸಿದ್ದಯ್ಯ ಊಟಕ್ಕೆ ಕೂತರೆ ಸಾಕು, ಆ ಕೋಟು ತಾನಾಗಿಯೇ ಎರಡಿಂಚು ಬಿಟ್ಟುಕೊಳ್ಳುತ್ತಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ.

ಅದಿರಲಿ, ನಾನು ಹೇಳಹೊರಟಿದ್ದು ಅವನ ಮಗಳ ವಿಷಯ. 2003ರಲ್ಲಿ ನೌಶೀನ್ ಬಿಎಸ್ಸಿ ಮುಗಿಸಿದಳು. ಜೀವಶಾಸ್ತ್ರವೆಂದರೆ ಅವಳಿಗೆ ಹುಚ್ಚು. ಸತ್ತ ಹಲ್ಲಿಯನ್ನೂ ಬಿಡದೆ ಬಾಟಲಿಗೆ ಹಾಕಿಡುವವಳು. ಎಮ್ಮೆಸ್ಸಿ ಓದಿ ಕಾಲೇಜಿನಲ್ಲಿ ಪಾಠ ಮಾಡಬೇಕೆಂದು ಆಸೆ. ಆದರೆ ತುರುವೇಕೆರೆಯ ಮೆಕ್ಯಾನಿಕ್ ವಾಸಿಫ್ ಜೊತೆ ಮದುವೆ ಗೊತ್ತಾಗಿತ್ತು. ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಕೊಬ್ಬರಿಯಾಗಿ ಇಳಿಯುವ ಹೊತ್ತಿಗೆ ಮದುವೆ ಎಂದು ಅಜ್ಜಿ ಸರ್ವರಿ ಬೇಗಂ ಗಂಡಿನವರಿಗೆ ಮಾತು ಕೊಟ್ಟಿದ್ದರು. ಕಾಯಿ ಒಣಗುವುದಕ್ಕೆ ಒಂದು ವರ್ಷ ಬೇಕು. ಎಮ್ಮೆಸ್ಸಿಗೆ ಎರಡು.

"ಉದ್ದ ಆದ್ರೆ ಗಿಡ್ಡ ಮಾಡ್ಸಣ," ಎಂದು ಇನಾಯತುಲ್ಲಾ ನನ್ನ ಕಡೆ ತಿರುಗಿದ. "ಬನ್ನಿ ಶ್ರೀರಂಗಯ್ಯನೋರೆ, ಮೈಸೂರಿಗೆ ಹೋಗ್ಬರಣ."

ಮೈಸೂರಿನ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕೂತಿದ್ದ ಹೆಂಗಸು ಎಮ್ಮೆಸ್ಸಿಯ ಪಾಠಪಟ್ಟಿ ಕೊಟ್ಟರು. ನೌಶೀನಳ ಬಿಎಸ್ಸಿ ಪಟ್ಟಿಯನ್ನು ಇವನು ಮನೆಯಿಂದಲೇ ತಂದಿದ್ದ. ಎರಡನ್ನೂ ಮೇಜಿನ ಮೇಲೆ ಹಾಸಿ, ಅಂಚಿಗೆ ಅಂಚು ಕೂಡಿಸಿ, ಜೇಬಿನಿಂದ ಸೀಮೆಸುಣ್ಣ ತೆಗೆದು ಗೆರೆ ಎಳೆಯತೊಡಗಿದ.

"ಅಲ್ಲೂ ಜರೀಗಿಡ ಐತೆ, ಇಲ್ಲೂ ಜರೀಗಿಡ ಐತೆ. ಅಲ್ಲೂ ಕಪ್ಪೆ, ಇಲ್ಲೂ ಕಪ್ಪೆ. ಡಬಲ್ ಬಟ್ಟೆ ಯಾಕಮ್ಮ? ಒಳಕ್ಕೆ ಮಡಚಿಬುಟ್ರೆ ಒಂದೇ ವರ್ಷಕ್ಕೆ ಕರೆಕ್ಟಾಗಿ ಕೂರ್ತದೆ."

"ಇಲ್ಲಿ ಹಾಗೆಲ್ಲ ಆಗಲ್ಲ ಕಣ್ರೀ," ಎಂದು ಆಕೆ ನಗು ತಡೆದುಕೊಂಡು ಒಂದು ಬಣ್ಣದ ಮಾಹಿತಿ ಪತ್ರಿಕೆ ಕೊಟ್ಟರು. "ಒಂದು ವರ್ಷದ್ದೇ ಬೇಕು ಅಂದ್ರೆ ಇಂಗ್ಲೆಂಡಲ್ಲಿದೆ."

ಮನೆಗೆ ಬಂದಾಗ ಸರ್ವರಿ ಬೇಗಂ ಅಡಿಕೆ ಕತ್ತರಿಸುತ್ತಿದ್ದರು. ನೌಶೀನ್ ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದಳು.

"ಒಂದು ವರ್ಷದ್ದು ಸಿಕ್ತೇನೋ?"

"ಸಿಕ್ತು ಅಮ್ಮಿ. ಇಂಗ್ಲೆಂಡಲ್ಲಿ."

"ಅದು ಹಾಸನದಿಂದ ಆಚೆಗಾ?"

ನಾನು ಸುಮ್ಮನಿರಬಹುದಿತ್ತು. ಬಾಯಿ ಕೇಳಬೇಕಲ್ಲ. "ಸಮುದ್ರದಿಂದ ಆಚೆಗೆ ಕಣಮ್ಮ. ಅಲ್ಲಿ ಬಿಸಿಲೇ ಇಲ್ವಂತೆ. ಯುಗಾದಿಗೆ ಒಗೆದು ಹಾಕಿದ ಸೀರೆನ ದೀಪಾವಳಿಗೆ ಒಳಕ್ಕೆ ತರ್ತಾರೆ, ಆಗ್ಲೂ ಹಿಂಡಿದ್ರೆ ನೀರು ಬರ್ತದೆ. ಮಾತಾಡಿದ್ರೆ ಚಳಿಗೆ ಮಾತು ಬಾಯಲ್ಲೇ ಗಡ್ಡೆ ಕಟ್ತದೆ, ಒಲೆ ಮುಂದೆ ಕರಗಿಸ್ಕಂಡು ಕೇಳ್ಬೇಕು."

ಸರ್ವರಿ ಬೇಗಂ ಅಡಕತ್ತರಿ ಕೆಳಗಿಟ್ಟರು. ಆಮೇಲೆ ಆ ಪತ್ರಿಕೆಯನ್ನು ಮಡಚಿ ಬುರ್ಖಾದೊಳಗೆ ಇಟ್ಟುಕೊಂಡು, "ಬೆಳಿಗ್ಗೆ ತುರುವೇಕೆರೆಗೆ ಹೋಗಣ. ನೀವೂ ಬನ್ನಿ. ಆದ್ರೆ ಬಾಯಿ ಬಿಡ್ಬ್ಯಾಡಿ," ಎಂದರು.

ಗ್ಯಾರೇಜಿನ ಮುಂದೆ ವಾಸಿಫ್‌ನ ಅಪ್ಪ ರಯೀಸ್ ಚಹಾ ತರಿಸಿದ. ಅಜ್ಜಿ ಪತ್ರಿಕೆ ಬಿಚ್ಚಿ ಅವನ ತೊಡೆಯ ಮೇಲಿಟ್ಟರು.

"ನಿಮಗೆ ಕೊಟ್ಟ ಮಾತು ಮಾತೇ. ಒಂದೇ ವರ್ಷದ್ದು ಹುಡುಕಿಸಿವ್ನಿ. ಹುಡುಗೀನ ಇಂಗ್ಲೆಂಡಿಗೆ ಕಳ್ಸಿ, ಹೇಳಿದ ತಾರೀಖಿಗೆ ನಿಕಾ ಮಾಡ್ಕೊಡ್ತೀನಿ."

ರಯೀಸ್‌ನ ಲೋಟ ಬಾಯಿಯ ಹತ್ತಿರವೇ ನಿಂತಿತು. "ಮೈಸೂರಲ್ಲಿ ಇಲ್ವಾ?"

"ಐತೆ. ಎರಡು ವರ್ಷ ಆಯ್ತದೆ. ನಿಮ್ಗೆ ತಡ ಆಗ್ತದಲ್ಲಪ್ಪ."

ಜೀಪಿನ ಅಡಿಯಿಂದ ಮೊದಲು ಎರಡು ಕಾಲು, ಆಮೇಲೆ ಗ್ರೀಸು ಮೆತ್ತಿದ ಮುಖ ಹೊರಬಂತು. "ಮೈಸೂರೇ ಇರ್ಲಿ ದಾದಿ. ನಾನು ಕಾಯ್ತೀನಿ. ಈ ಜೀಪಿನ ಯಜಮಾನ್ರೇ ಮೂರು ವರ್ಷದಿಂದ ಕಾಯ್ತಾವ್ರೆ, ಏನಾಗೈತೆ?"

ರಯೀಸ್ ಕೂಡ ಜೋರಾಗಿ ತಲೆಯಾಡಿಸಿದ. "ಹೂಂ ಅನ್ನಿ ಅಮ್ಮ. ಎರಡು ವರ್ಷ ಎಷ್ಟೊತ್ತು?"

ಸರ್ವರಿ ಬೇಗಂ ಎಷ್ಟೋ ಹೊತ್ತು ಯೋಚಿಸಿದವರ ಹಾಗೆ ಕೂತಿದ್ದು, ಆಮೇಲೆ ದೊಡ್ಡದಾಗಿ ನಿಟ್ಟುಸಿರು ಬಿಟ್ಟರು.

"ಆಯ್ತು ಬುಡಿ. ನೀವು ಇಷ್ಟು ಬಲವಂತ ಮಾಡ್ತಿದ್ದೀರಿ ಅಂತ ಒಪ್ಕಂತೀನಿ."