ದವಡೆಯಲ್ಲಿ ಕಚ್ಚಿದ ಸೀಟಿ

ನಮ್ಮ ಕಬಡ್ಡಿ ಮೇಷ್ಟ್ರು ಸೀಟಿಯನ್ನು ತುಟಿಗಳ ನಡುವೆ ಇಟ್ಟುಕೊಳ್ಳುತ್ತಿರಲಿಲ್ಲ. ಬಲಗಡೆಯ ದವಡೆಹಲ್ಲಿನಲ್ಲಿ ಕಚ್ಚಿಕೊಂಡು ಊದುತ್ತಿದ್ದರು. ಮುಂದೆ ಕಚ್ಚಲು ಹಲ್ಲಿರಲಿಲ್ಲ. ಹರೆಯದಲ್ಲಿ ಅಂತರಘಟ್ಟೆಯ ಅಂಕಣದಲ್ಲಿ ಯಾರದೋ ಮೊಣಕಾಲು ತಗುಲಿ ಮೇಲಿನ ಎರಡು ಮುಂಹಲ್ಲೂ ಹೋಗಿದ್ದವು. ಕಟ್ಟಿಸಿಕೊಂಡ ಹಲ್ಲು ಮದುವೆಮನೆಗಳಿಗೆ ಮಾತ್ರ. ಹೊಸಬರು ತಂಡಕ್ಕೆ ಸೇರಿದ ದಿನ ತುಟಿ ಎತ್ತಿ ಆ ಕಿಂಡಿ ತೋರಿಸುತ್ತಿದ್ದರು. "ನೋಡ್ಕಳ್ರಪ್ಪಾ. ಆಮೇಲೆ ಮೇಷ್ಟ್ರು ಹೇಳ್ಲಿಲ್ಲ ಅನ್ಬ್ಯಾಡಿ."

ವರದಿಗಾರನಾಗುವ ಮೊದಲು ನಾನು ತರೀಕೆರೆಯಲ್ಲಿ ಅವರ ಕೈಕೆಳಗೆ ಆಡಿದವನು. ಹಲ್ಲಿಗೆ ತೊಡಿಸುವ ಗಾರ್ಡನ್ನು ಮೊದಲು ಕಂಡದ್ದು ಅವರ ಬಳಿಯೇ. ಮೈದಾನದ ಎದುರಿನ ಟೀ ಅಂಗಡಿಯಲ್ಲಿ ಬಿಸಿನೀರು ಕೇಳಿ, ಆ ರಬ್ಬರಿನಂಥ ಪಟ್ಟಿಯನ್ನು ಅದರಲ್ಲಿ ಅದ್ದಿ ಮೆತ್ತಗೆ ಮಾಡಿ, ಒಬ್ಬೊಬ್ಬರ ಬಾಯಿಗೂ ಇಟ್ಟು ಕಚ್ಚಿಸುತ್ತಿದ್ದರು. ಹಲ್ಲಿನ ಅಚ್ಚು ಮೂಡುವ ತನಕ ಯಾರೂ ಮಾತಾಡುವಂತಿರಲಿಲ್ಲ. "ಏನ್ ಮೇಷ್ಟ್ರೇ, ಎಲ್ರಿಗೂ ಮೌನವ್ರತನಾ?" ಎಂದು ಅಂಗಡಿಯವನು ಕೇಳುತ್ತಿದ್ದ.

ಮೇಷ್ಟ್ರು ನಗುತ್ತಿರಲಿಲ್ಲ. "ಬೇರೆ ಆಟನ ಬಾಯ್ ಮುಚ್ಕೊಂಡು ಆಡ್ಬೋದು ಕಣೋ. ಇದ್ರಲ್ಲಿ ಬಾಯ್ ತಕ್ಕೊಂಡೇ ಎದುರಾಳಿ ಮನೆಗೆ ಹೋಗ್ಬೇಕು. ಏಟು ಅಲ್ಲಿಗೇ ಬರೋದು."

ತೊಡಕು ಇದ್ದದ್ದೂ ಅಲ್ಲೇ. ಎದುರಾಳಿ ಅಂಕಣಕ್ಕೆ ರೈಡ್ ಹೋದವರು ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುವುದು ಅಂಪೈರ್‌ಗೆ ಸ್ಪಷ್ಟವಾಗಿ ಕೇಳಬೇಕು. ಗಾರ್ಡ್ ಹಾಕಿಕೊಂಡರೆ ಮಾತು ಮುದ್ದೆಯಾಗುತ್ತದೆ. ಕೇಳಲಿಲ್ಲವೆಂದರೆ ಆ ರೈಡ್ ವ್ಯರ್ಥ. ಎಷ್ಟೋ ಪಂದ್ಯಗಳನ್ನು ನಾವು ಹಾಗೆ ಸೋತೆವು. ಗಾರ್ಡ್ ತೆಗೆಯಲು ಮೇಷ್ಟ್ರು ಒಮ್ಮೆಯೂ ಬಿಡಲಿಲ್ಲ.

ಅವರ ಮಗಳು ಒಳ್ಳೆಯ ರೈಡರ್ ಆದಳು. ಅಜ್ಜಂಪುರದಲ್ಲಿ ನಡೆದ ಒಂದು ಫೈನಲ್‌ಗೆ ನಾನು ವರದಿಗೆಂದು ಹೋಗಿದ್ದೆ. ಕೊನೆಯ ರೈಡ್ ಉಳಿದಾಗ ಅಂಕ ಸಮ. ಅದಕ್ಕೆ ಮೊದಲೇ ಮಾತು ಕೇಳುತ್ತಿಲ್ಲವೆಂದು ಅಂಪೈರ್ ಅವಳನ್ನು ಒಮ್ಮೆ ಹಿಂದಕ್ಕೆ ಕಳಿಸಿದ್ದರು. "ಬಾಯಲ್ಲೇನೇ, ಹೋಳಿಗೆ ಇಟ್ಕೊಂಡಿದೀಯಾ?" ಎಂದು ಜನ ಛೇಡಿಸುತ್ತಿದ್ದರು. ಅವಳು ಮೇಷ್ಟ್ರು ನಿಂತಿದ್ದ ಗೆರೆಯ ಅಂಚಿಗೆ ಬಂದು ನಿಂತಳು.

"ಅಪ್ಪ, ತೆಗೀಲಾ?"

ಮೇಷ್ಟ್ರು ಅವಳ ಮುಖ ನೋಡಿದರು, ಅಂಕದ ಹಲಗೆ ನೋಡಿದರು. ಅಂಗೈ ಚಾಚಿದರು. ಅವಳು ಗಾರ್ಡ್ ತೆಗೆದು ಅದರಲ್ಲಿ ಇಟ್ಟಳು.

ಈ ಸಲ ಅವಳ 'ಕಬಡ್ಡಿ' ಮೈದಾನದ ಆಚೆ ತುದಿಗೂ ಕೇಳಿಸಿತು. ಒಬ್ಬಳನ್ನು ಮುಟ್ಟಿ ಹೊರಳುವಾಗ ಪಾದ ಎದುರಾಳಿಗಳ ಕೈಗೆ ಸಿಕ್ಕಿಬಿತ್ತು. ನಡುಗೆರೆಗೆ ಕೈ ಚಾಚಿ ಮುಗ್ಗರಿಸಿದಳು. ಅವಳನ್ನು ತಡೆಯಲು ಅಡ್ಡ ಬಂದ ಹುಡುಗಿಯ ಮೊಣಕಾಲು ಬಾಯಿಗೇ ಬಡಿಯಿತು. ಆದರೆ ಬೆರಳು ಗೆರೆ ಮುಟ್ಟಿತ್ತು. ಅಂಕ ಬಂತು. ನಮ್ಮವರು ಕುಣಿಯುತ್ತಿದ್ದಾಗ ಅವಳು ಬಾಯಿಗೆ ಕೈ ಒತ್ತಿಕೊಂಡು ಎದ್ದಳು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ಕಡೂರಿನ ದಂತವೈದ್ಯರ ಬಾಗಿಲ ಹೊರಗಿನ ಬೆಂಚಿನಲ್ಲಿ ನಾನು ಮೇಷ್ಟ್ರ ಪಕ್ಕ ಕೂತಿದ್ದೆ. ಅವರ ಮುಷ್ಟಿ ಇನ್ನೂ ಬಿಗಿದೇ ಇತ್ತು. ಅದನ್ನು ಬಿಡಿಸಿ, ಗಾರ್ಡಿನಲ್ಲಿ ಮೂಡಿದ್ದ ಅವಳ ಹಲ್ಲುಗಳ ಅಚ್ಚನ್ನು ಹೆಬ್ಬೆರಳಿನಿಂದ ಸವರಿದರು. "ತೆಗಿ ಅಂತ ನಾನು ಬಾಯ್ಬಿಟ್ಟು ಹೇಳ್ಲಿಲ್ಲ ಕಣೋ," ಎಂದರು. "ಕೈ ಚಾಚ್ದೆ."

ಅಂದಿನಿಂದ ಅಭ್ಯಾಸದ ರೀತಿ ಬದಲಾಯಿತು. ಗಾರ್ಡ್ ಹಾಕಿಕೊಂಡೇ ಎಲ್ಲರೂ ದಿನವೂ 'ಕಬಡ್ಡಿ' ಹೇಳಬೇಕು. ಮೇಷ್ಟ್ರು ದೂರದ ಗೆರೆಯಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಅಕ್ಷರ ಬಿಡಿಬಿಡಿಯಾಗಿ ಕೇಳುವ ತನಕ ತಿರುಗುತ್ತಿರಲಿಲ್ಲ. ಕಿವಿ ಮಂದವಾದ ಮೇಲೂ ಬಂದು ಹಾಗೆಯೇ ನಿಲ್ಲುತ್ತಿದ್ದರು. ಆಗ ಅವರನ್ನು ತಿರುಗಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಕೊನೆಗೆ ಮಗಳೇ ಹೋಗಿ ಹೆಗಲು ಮುಟ್ಟಿ ಮನೆಗೆ ಕರೆದೊಯ್ಯುತ್ತಿದ್ದಳು.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಚೌಳಹಿರಿಯೂರಿನ ಅವರ ಹೊಲದಲ್ಲಿ ಮಣ್ಣು ಮಾಡಿದೆವು. ನನ್ನ ಬಾಯಿಯ ಹಲ್ಲೆಲ್ಲ ನನ್ನವೇ. ಅದು ಅವರು ಕೊಟ್ಟದ್ದು.

ಮೊನ್ನೆ ತರೀಕೆರೆಯ ಮೈದಾನಕ್ಕೆ ಹೋಗಿದ್ದೆ. ಈಗ ತಂಡ ಮಗಳದು. ಅವಳು ದೂರದ ಗೆರೆಯಲ್ಲಿ ಬೆನ್ನು ಹಾಕಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಕಟ್ಟಿಸಿಕೊಂಡ ಹಲ್ಲು ಹಾಕಿರಲಿಲ್ಲ. ಸೀಟಿ ಬಲಗಡೆಯ ದವಡೆಯಲ್ಲಿತ್ತು.