ಮೆಣಸಿನಕಾಯಿ ಗೋದಾಮಿನ ಸಂಗೀತ

ಶಿಕಾರಿಪುರದ ಸಂಗೀತ ಮಂದಿರ ಎಂದು ಈಗ ಜನ ಕೈಮುಗಿಯುವ ಕಟ್ಟಡ, ಐವತ್ತರ ದಶಕದ ಕೊನೆಯವರೆಗೂ ಮೆಣಸಿನಕಾಯಿ ಗೋದಾಮು. ಮಂಡಿ ವರ್ತಕರು ಚೀಲಗಳನ್ನು ಹೊರಗೆ ಹಾಕಿಸಿ, ಸುಣ್ಣ ಬಳಿಸಿ, ಬಾಗಿಲ ಪಕ್ಕ ತಮ್ಮ ಹೆಸರು ಕೆತ್ತಿಸಿ ಕಲೆಯನ್ನು ಉದ್ಧಾರ ಮಾಡಿದರು. ಘಾಟು ಮಾತ್ರ ಹೋಗಲಿಲ್ಲ. ಧಾರವಾಡದ ಕಡೆಯ ಗವಾಯಿಗಳು ತಾರಕಕ್ಕೆ ಏರಿದಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಭಕ್ತಿಯೆಂದು ತಿಳಿದು ಸಭಿಕರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಮುಂದಿನ ಸಾಲು ವರ್ತಕರದ್ದು. ಅವರು ತಲೆದೂಗಿದರೆ ಗವಾಯಿ ಗೆದ್ದ ಹಾಗೆ. ಅವರಲ್ಲಿ ನಮ್ಮಪ್ಪನೂ ಒಬ್ಬ. ಮನೆ ಸೊರಬದಲ್ಲಿ, ವ್ಯಾಪಾರ ಶಿಕಾರಿಪುರದಲ್ಲಿ. ನನಗೆ ಹದಿನೆಂಟು ತುಂಬಿ ಗಂಡು ನೋಡುವ ಮಾತು ಶುರುವಾದಾಗ ಅಪ್ಪ ಷರತ್ತು ಹಾಕಿದ: "ಒಂದ್ಸಲ ಮಂದಿರದಲ್ಲಿ ಹಾಡು. ಮುಂದಿನ ಸಾಲಿನೋರು ಒಪ್ಪಿದ್ರೆ ಸಂಗೀತದ ಪಾಠ ಮುಂದುವರೀಲಿ. ಇಲ್ದಿದ್ರೆ ತಂಬೂರಿ ಅಟ್ಟಕ್ಕೆ."

ಕಛೇರಿಯ ದಿನ ಇಳಿಹೊತ್ತಿಗೆ ಭೀಮಪಲಾಸಿ ರಾಗ ಹಿಡಿದೆ. ಕಣ್ಣೆಲ್ಲ ಮುಂದಿನ ಸಾಲಿನ ಮೇಲೆ. ವರ್ತಕರ ತೊಡೆಗಳ ಮೇಲೆ ಹರಡಿದ ಒಂದು ಶಾಲಿನೊಳಗೆ ಕೈಗಳು ಆಡುತ್ತಿದ್ದವು. ತಾಳದ ಮಾತ್ರೆ ಎಣಿಸುತ್ತಿದ್ದಾರೆ, ಎಂಥ ರಸಿಕರು ಎಂದು ಹಿಗ್ಗಿಹೋದೆ. ಮುಗಿಸಬೇಕಾದಲ್ಲಿ ಮುಗಿಸಲಿಲ್ಲ. ಪಕ್ಕದಲ್ಲಿದ್ದ ಸಂಗೀತದ ಮೇಷ್ಟರು ಎಚ್ಚರಿಸಲೆಂದು ಎರಡು ಸಲ ಕೆಮ್ಮಿದರು. ಘಾಟಿಗೆ ಕೆಮ್ಮುತ್ತಿದ್ದಾರೆಂದು ನಾನು ಗಮನ ಕೊಡಲಿಲ್ಲ. ಬೆರಳಾಟ ನಿಲ್ಲುವವರೆಗೂ ಹಾಡಿದೆ.

ಕೊನೆಗೆ ಶಾಲು ಜಾರಿತು. ಬಟ್ಟೆಯ ಮರೆಯಲ್ಲಿ ಬೆರಳು ಒತ್ತಿ ದರ ಕುದುರಿಸುವುದು ಮಂಡಿಯವರ ಪದ್ಧತಿ. ಬಾಯಿ ಬಿಟ್ಟರೆ ಪಕ್ಕದವನಿಗೆ ದರ ತಿಳಿಯುತ್ತದಲ್ಲ. ನಾನು ಪ್ರಾಣ ಒತ್ತೆಯಿಟ್ಟು ಹಾಡುತ್ತಿದ್ದಷ್ಟು ಹೊತ್ತೂ ಅಲ್ಲಿ ಮೆಣಸಿನಕಾಯಿ ವ್ಯಾಪಾರ ನಡೆದಿತ್ತು. ಶಾಲಿನಿಂದ ಹೊರಬಂದ ಕೈಗಳಲ್ಲಿ ಒಂದು ಅಪ್ಪನದು.

ಕಛೇರಿ ಮುಗಿದ ಮೇಲೆ ಅಪ್ಪ ಶಾಸ್ತ್ರಕ್ಕೆಂಬಂತೆ ಮುಂದಿನ ಸಾಲಿನವರನ್ನೇ ಅಭಿಪ್ರಾಯ ಕೇಳಿದ. ಅಷ್ಟು ಹೊತ್ತು ಅವನ ಬೆರಳು ಹಿಡಿದಿದ್ದವರೇ ತೀರ್ಪು ಕೊಟ್ಟರು: "ದನಿ ಚಲೋ ಐತ್ರೀ. ಆದ್ರ ಭಾಳ ಉದ್ದ ಎಳೀತಾಳ."

"ನಂಗೂ ಹಾಗೇ ಅನ್ನಿಸ್ತು" ಎಂದ ಅಪ್ಪ.

ನಾನು ಎಳೆದದ್ದು ಅವರ ಬೆರಳುಗಳನ್ನು ನಂಬಿ. ಮರುದಿನ ತಂಬೂರಿ ಅಟ್ಟ ಸೇರಿತು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಈಚೆಗೆ ಮಂದಿರದವರು ನನ್ನನ್ನು ಕರೆಸಿ, ಇಲ್ಲಿ ಹಾಡಿದ ಮೊದಲ ಹೆಣ್ಣುಮಗಳೆಂದು ಹೊಗಳಿ, ಸನ್ಮಾನಕ್ಕೆ ನಿಂತರು. ಹಾರ ಹಾಕಿಸಿಕೊಂಡೆ, ಹಣ್ಣಿನ ಬುಟ್ಟಿ ತೆಗೆದುಕೊಂಡೆ. ಶಾಲು ಮಾತ್ರ ಬೇಡ ಎಂದೆ.